ಹಳೆ ಪೇಟೆಗೆ ಒಂದು ದಿನ: ಅಮೆರಿಕದ ಯಾವ ಡೌನ್‌ಟೌನ್ ನಿಮಗೆ ಸರಿ?

ಅಮೆರಿಕದ ಹಳೆ ಡೌನ್‌ಟೌನ್‌ಗಳನ್ನು ಫೋಟೋದಲ್ಲಿ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಕೆಂಪು ಇಟ್ಟಿಗೆಯ ಕಟ್ಟಡ, ಉದ್ದನೆಯ ಕಿಟಕಿ, ಕಬ್ಬಿಣದ ದೀಪದ ಕಂಬ, ಕಲ್ಲು ಹಾಸಿದ ಬೀದಿ. ಹೋಗಿ ನಿಂತರೆ ಮಾತ್ರ ಒಂದೊಂದರ ಸ್ವಭಾವವೇ ಬೇರೆ ಅಂತ ಗೊತ್ತಾಗುತ್ತದೆ. ಒಂದು ಕಡೆ ಮಧ್ಯಾಹ್ನ ಹನ್ನೆರಡಕ್ಕೆ ಕಾಲಿಡಲು ಜಾಗ ಇರುವುದಿಲ್ಲ. ಇನ್ನೊಂದು ಕಡೆ ಸೋಮವಾರ ಹೋದರೆ ಅರ್ಧ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಒಂದು ಕಡೆ ತರಕಾರಿ ಬೆಳೆದವರೇ ಎದುರು ನಿಂತು ಮಾರುತ್ತಾರೆ. ಮತ್ತೊಂದು ಕಡೆ ಗೋಡೆ ಮಾತ್ರ ಹಳೆಯದು, ಒಳಗಿರುವುದು ಯಾವ ಮಾಲ್‌ನಲ್ಲೂ ಸಿಗುವ ಬ್ರ್ಯಾಂಡ್.

ಪ್ರವಾಸದಲ್ಲಿ ಇಂಥ ಪೇಟೆಗೆ ಸಿಗುವುದು ಒಂದು ದಿನ, ಕೆಲವೊಮ್ಮೆ ಅರ್ಧ ದಿನ. ಹಾಗಿರುವಾಗ ಎಲ್ಲಿಗೆ ಹೋಗಬೇಕು? ಊರಿನ ಹೆಸರು ನೋಡಿ ಆರಿಸಬೇಡಿ ಅಂತ ನಾನು ಹೇಳುತ್ತೇನೆ. ಆ ಬೀದಿಯನ್ನು ಯಾರು ಉಳಿಸಿದರು, ಯಾರಿಗಾಗಿ ಉಳಿಸಿದರು ಅಂತ ಮೊದಲು ತಿಳಿದುಕೊಳ್ಳಿ. ಅಲ್ಲಿ ಯಾವ ಅಂಗಡಿ ಇರುತ್ತದೆ, ಎಷ್ಟು ಹೊತ್ತು ತೆರೆದಿರುತ್ತದೆ, ಕೂರಲು ಜಾಗ ಸಿಗುತ್ತದೋ ಇಲ್ಲವೋ, ಎಲ್ಲವೂ ಆ ಒಂದು ವಿಷಯದಿಂದ ತೀರ್ಮಾನ ಆಗುತ್ತದೆ.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಜನ ಕಾರು ತೆಗೆದುಕೊಂಡು ಊರ ಹೊರಗಿನ ಬಡಾವಣೆಗಳಿಗೆ ಹೊರಟುಹೋದರು. ಅವರ ಹಿಂದೆಯೇ ಅಂಗಡಿಗಳೂ ಹೋದವು, ಮಾಲ್‌ಗಳು ಹುಟ್ಟಿದವು. ನಡುವೂರಿನ ಪೇಟೆ ಖಾಲಿ ಬಿತ್ತು. ಖಾಲಿ ಬಿದ್ದ ಕಟ್ಟಡವನ್ನು ಕೆಡವಿ ಪಾರ್ಕಿಂಗ್ ಮಾಡುವುದೇ ಅಭಿವೃದ್ಧಿ ಅಂತ ಆಗ ನಂಬಿದ್ದರು. ಜಾರ್ಜಿಯಾ ರಾಜ್ಯದ ಸವಾನಾದಲ್ಲಿ 1954ರಲ್ಲಿ ಹಳೆ ಸಿಟಿ ಮಾರ್ಕೆಟ್ ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟಿದರು. ಅದನ್ನು ನೋಡಿ ನೊಂದ ಏಳು ಮಂದಿ ಹೆಂಗಸರು ಮರುವರ್ಷವೇ ಒಂದು ಸಂಸ್ಥೆ ಕಟ್ಟಿ, ಕೆಡವಲು ತೀರ್ಮಾನವಾಗಿದ್ದ ಡ್ಯಾವನ್‌ಪೋರ್ಟ್ ಮನೆಯನ್ನು ಕೊಂಡು ಉಳಿಸಿದರು. ಸವಾನಾದ ಹಳೆ ಊರು ಇವತ್ತು ನಿಂತಿದ್ದರೆ ಅದು ಆ ಒಂದು ಮನೆಯಿಂದ ಶುರುವಾದ ಕೆಲಸ. ಆ ಕಾರಿನ ಕಟ್ಟಡವನ್ನೂ ಮುಂದೆ ಕೆಡವಿದರು. ಕಾರುಗಳನ್ನು ನೆಲದಡಿಗೆ ಕಳಿಸಿ, ಮೇಲೆ ಎಲಿಸ್ ಸ್ಕ್ವೇರ್ ಅನ್ನುವ ಹಳೆಯ ಚೌಕವನ್ನು 2010ರಲ್ಲಿ ಮತ್ತೆ ತೆರೆದರು. ಕಳೆದುಕೊಂಡ ಚೌಕ ವಾಪಸ್ ಸಿಗಲು ಐವತ್ತಕ್ಕೂ ಜಾಸ್ತಿ ವರ್ಷ ಬೇಕಾಯಿತು.

ಇಂಥ ನೋವು ಕಂಡ ಊರುಗಳೆಲ್ಲ ಒಂದೇ ದಾರಿ ಹಿಡಿಯಲಿಲ್ಲ. ಹೋಗುವವರ ಕಣ್ಣಿನಿಂದ ನೋಡಿದರೆ ಮುಖ್ಯವಾಗಿ ನಾಲ್ಕು ಬಗೆ ಕಾಣುತ್ತವೆ.

ಒಂದೇ ಕೈಯಲ್ಲಿ ನಡೆಯುವ ಪೇಟೆ: ಬೋಸ್ಟನ್

ಬೋಸ್ಟನ್‌ನ ಫ್ಯಾನ್ಯುಯಲ್ ಹಾಲ್ ಮಾರ್ಕೆಟ್‌ಪ್ಲೇಸ್ ಈ ಬಗೆಗೆ ಒಳ್ಳೆಯ ಉದಾಹರಣೆ. ಮುಂದೆ ನಿಂತಿರುವ ಹಾಲ್ 1742ರದು. ಪೀಟರ್ ಫ್ಯಾನ್ಯುಯಲ್ ಅನ್ನುವ ವ್ಯಾಪಾರಿ ಊರಿಗೆ ಕಟ್ಟಿಸಿಕೊಟ್ಟದ್ದು. ಕೆಳಗೆ ಸಂತೆ, ಮೇಲೆ ಸಭೆ. ಅವರು ಗಳಿಸಿದ ದುಡ್ಡಿನಲ್ಲಿ ಗುಲಾಮರ ವ್ಯಾಪಾರದ ಪಾಲೂ ಇತ್ತು ಅನ್ನುವುದನ್ನು ಮರೆಯದೆ ಆ ಮಹಡಿ ಹತ್ತಬೇಕು. ಹಿಂದೆ ಇರುವ ಉದ್ದನೆಯ ಗ್ರಾನೈಟ್ ಕಟ್ಟಡ ಕ್ವಿನ್ಸಿ ಮಾರ್ಕೆಟ್, 1826ರದು. ನಡುವೆ ಗುಮ್ಮಟ, ಎರಡು ತುದಿಗೂ ದಪ್ಪ ಕಂಬಗಳು. ಎಡಬಲಕ್ಕೆ ಇನ್ನೆರಡು ಉದ್ದನೆಯ ಕಟ್ಟಡಗಳು.

ಪಾಳು ಬೀಳುತ್ತಿದ್ದ ಈ ಕಟ್ಟಡಗಳನ್ನು ಬೆಂಜಮಿನ್ ಥಾಂಪ್ಸನ್ ಅನ್ನುವ ವಾಸ್ತುಶಿಲ್ಪಿ ಮತ್ತು ಜೇಮ್ಸ್ ರೌಸ್ ಅನ್ನುವ ಡೆವಲಪರ್ ಸೇರಿ ಮತ್ತೆ ಎಬ್ಬಿಸಿದರು. ರೌಸ್ ಅದಕ್ಕೂ ಮೊದಲು ಕಟ್ಟುತ್ತಿದ್ದದ್ದು ಊರ ಹೊರಗಿನ ಮಾಲ್‌ಗಳನ್ನು. 1976ರ ಆಗಸ್ಟ್ 26ರಂದು, ಅಂದರೆ ಕ್ವಿನ್ಸಿ ಮಾರ್ಕೆಟ್ ಮೊದಲು ತೆರೆದು ಸರಿಯಾಗಿ 150 ವರ್ಷಕ್ಕೆ, ಇದು ಮತ್ತೆ ತೆರೆಯಿತು. ಜನ ಮುಗಿಬಿದ್ದರು. ಇದನ್ನೇ ನೋಡಿಕೊಂಡು ಬಾಲ್ಟಿಮೋರ್‌ನಲ್ಲಿ 1980ರಲ್ಲಿ, ನ್ಯೂಯಾರ್ಕ್‌ನ ಸೌತ್ ಸ್ಟ್ರೀಟ್ ಸೀಪೋರ್ಟ್‌ನಲ್ಲಿ 1983ರಲ್ಲಿ ಇದೇ ಥರದ ಪೇಟೆಗಳು ಬಂದವು.

ಒಂದೇ ಸಂಸ್ಥೆಯ ಕೈಯಲ್ಲಿರುವುದರಿಂದ ಇಲ್ಲಿ ಅನುಕೂಲ ಜಾಸ್ತಿ. ಕಟ್ಟಡಗಳ ನಡುವೆ ಕಾರು ಬರುವುದಿಲ್ಲ. ಕೂರಲು ಬೆಂಚು ಇದೆ, ಶೌಚಾಲಯ ಇದೆ, ಊಟದ ಅಂಗಡಿಗಳೆಲ್ಲ ಒಂದೇ ಸೂರಿನಡಿ ಸಾಲಾಗಿ ಇವೆ. ಬೇಸಿಗೆಯಲ್ಲಿ ಅಂಗಳದಲ್ಲಿ ಕಸರತ್ತು, ಜಾದೂ ಮಾಡುವವರು ಇರುತ್ತಾರೆ, ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. ಕೊರತೆಯೂ ಅದೇ ಕಾರಣಕ್ಕೆ. ಬಾಡಿಗೆ ಕೊಡಬಲ್ಲ ದೊಡ್ಡ ಬ್ರ್ಯಾಂಡ್‌ಗಳು ಮತ್ತು ಪ್ರವಾಸಿಗರಿಗೆ ಮಾರುವ ನೆನಪಿನ ವಸ್ತುಗಳೇ ಜಾಸ್ತಿ ಕಾಣುತ್ತವೆ. ಬೋಸ್ಟನ್‌ನ ಜನ ತಮ್ಮ ಮನೆಗೆ ಬೇಕಾದದ್ದನ್ನು ಕೊಳ್ಳುವ ಜಾಗ ಇದಲ್ಲ.

ಆದ್ದರಿಂದ ಇಲ್ಲಿಗೆ ಶುಕ್ರವಾರ ಅಥವಾ ಶನಿವಾರ ಹೋಗಿ. ಆ ಎರಡು ದಿನ ಪಕ್ಕದಲ್ಲೇ ಹೇಮಾರ್ಕೆಟ್ ಸಂತೆ ನಡೆಯುತ್ತದೆ. ಬಯಲಲ್ಲಿ ಹಣ್ಣು ತರಕಾರಿ ಸುರಿದುಕೊಂಡು ಕೂಗಿ ಮಾರುತ್ತಾರೆ. ಒಂದು ಕಡೆ ರಿಪೇರಿಯಾಗಿ ಹೊಳೆಯುವ ಪೇಟೆ, ಕೂಗಳತೆಯಲ್ಲಿ ಯಾರೂ ರಿಪೇರಿ ಮಾಡದ, ಆದರೆ ನಿಲ್ಲದೆ ನಡೆದುಬಂದ ಸಂತೆ. ಎರಡನ್ನೂ ಒಂದೇ ಬೆಳಿಗ್ಗೆ ನೋಡಿದರೆ ಬೋಸ್ಟನ್ ಅರ್ಥ ಆಗುತ್ತದೆ. ಒಂದನ್ನೇ ನೋಡಿದರೆ ಅರ್ಧ ಕಥೆ.

ಓಟು ಹಾಕಿ ಉಳಿಸಿಕೊಂಡ ಪೇಟೆ: ಪೈಕ್ ಪ್ಲೇಸ್

ಸಿಯಾಟಲ್‌ನ ಪೈಕ್ ಪ್ಲೇಸ್ ಮಾರ್ಕೆಟ್ ಬಗ್ಗೆ ಬರೆಯುವಾಗ ನನಗೆ ಪಕ್ಷಪಾತ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೋಡಿದ ಹಳೆ ಪೇಟೆಗಳಲ್ಲಿ ನಾನು ಮತ್ತೆ ಮತ್ತೆ ಹೋಗಲು ಬಯಸುವುದು ಇಲ್ಲಿಗೇ.

ಇದು ಶುರುವಾದದ್ದು ಈರುಳ್ಳಿಯಿಂದ. 1906-07ರ ನಡುವೆ ಸಿಯಾಟಲ್‌ನಲ್ಲಿ ಈರುಳ್ಳಿ ಬೆಲೆ ಹತ್ತು ಪಟ್ಟು ಏರಿತು. ಬೆಳೆದ ರೈತರ ಕೈಗೆ ಮಾತ್ರ ಏನೂ ಸಿಗುತ್ತಿರಲಿಲ್ಲ, ದುಡ್ಡೆಲ್ಲ ನಡುವಿನ ದಲ್ಲಾಳಿಗಳಿಗೆ. ಥಾಮಸ್ ರೆವೆಲ್ ಅನ್ನುವ ನಗರಸಭೆ ಸದಸ್ಯರು ರೈತರು ನೇರವಾಗಿ ಮಾರುವ ಜಾಗ ಮಾಡಿಸಿದರು. 1907ರ ಆಗಸ್ಟ್ 17ರಂದು ಹತ್ತರ ಆಸುಪಾಸು ಗಾಡಿಗಳು ಬಂದವು, ಸಾವಿರಾರು ಜನ ಕಾದಿದ್ದರು, ನೋಡನೋಡುತ್ತಿದ್ದಂತೆ ಎಲ್ಲ ಖಾಲಿ.

ಮುಂದಿನ ವರ್ಷಗಳಲ್ಲಿ ಇಲ್ಲಿ ಮಾರುತ್ತಿದ್ದ ರೈತರಲ್ಲಿ ಬಹಳಷ್ಟು ಮಂದಿ ಜಪಾನಿ ಮೂಲದವರು. ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದ 1942ರಲ್ಲಿ ಸರ್ಕಾರ ಅವರನ್ನೆಲ್ಲ ಹಿಡಿದು ಬಂಧನ ಶಿಬಿರಗಳಿಗೆ ಕಳಿಸಿತು. ಹೊಲ ಹೋಯಿತು, ಮಾರುಕಟ್ಟೆಯ ಜಾಗವೂ ಹೋಯಿತು. ಅವರ ನೆನಪಿಗೆ ಮುಖ್ಯ ಸಾಲಿನ ಬಾಗಿಲ ಹತ್ತಿರ ಮೇಲೆ ಚಿತ್ರಫಲಕಗಳಿವೆ. ಜನ ಕೆಳಗಿನ ಮೀನಿನ ಅಂಗಡಿ ನೋಡುತ್ತಾ ಅದರಡಿಯಲ್ಲೇ ಹಾದುಹೋಗುತ್ತಾರೆ. ನೀವು ಒಂದು ನಿಮಿಷ ನಿಂತು ತಲೆ ಎತ್ತಿ.

1963ರಲ್ಲಿ ಈ ಮಾರುಕಟ್ಟೆಯನ್ನು ಕೆಡವಿ ದೊಡ್ಡ ಕಟ್ಟಡಗಳನ್ನು ಕಟ್ಟುವ ಯೋಜನೆ ಬಂತು. ವಿಕ್ಟರ್ ಸ್ಟೈನ್‌ಬ್ರೂಕ್ ಅನ್ನುವ ವಾಸ್ತುಶಿಲ್ಪಿ ಅದಕ್ಕೆ ಅಡ್ಡ ನಿಂತರು. ಅವರು ಇಲ್ಲಿ ಕೂತು ಮಾರುವವರ, ಕೊಳ್ಳುವವರ, ಸುಮ್ನೆ ಕೂತ ಮುದುಕರ ಚಿತ್ರ ಬರೆಯುತ್ತಿದ್ದರು. ಉಳಿಯಬೇಕಾದದ್ದು ಗೋಡೆ ಮಾತ್ರ ಅಲ್ಲ, ಈ ಜನ ಮತ್ತು ಈ ವ್ಯಾಪಾರ ಅನ್ನುವುದು ಅವರ ವಾದ. 1971ರ ನವೆಂಬರ್ 2ರಂದು ಊರಿನವರು ಓಟು ಹಾಕಿ ಮಾರುಕಟ್ಟೆಯನ್ನು ಉಳಿಸಿಕೊಂಡರು. 1973ರಿಂದ ಒಂದು ಸಾರ್ವಜನಿಕ ಪ್ರಾಧಿಕಾರ ಇದನ್ನು ನಡೆಸುತ್ತಿದೆ.

ಆ ಓಟಿನ ಫಲ ಇವತ್ತು ನಿಮ್ಮ ಕಣ್ಣಿಗೆ ಕಾಣುತ್ತದೆ. ಇಲ್ಲಿ ಸರಣಿ ಅಂಗಡಿಗಳಿಗೆ, ಅಂದರೆ ಚೈನ್ ಸ್ಟೋರ್‌ಗಳಿಗೆ, ಜಾಗ ಇಲ್ಲ. ಇಲ್ಲೇ ಹುಟ್ಟಿ ಬೆಳೆದದ್ದಾದರೆ ಮಾತ್ರ ಇರಬಹುದು. ಬೆಳೆದವರು, ಮಾಡಿದವರು ತಾವೇ ನಿಂತು ಮಾರಬೇಕು ಅನ್ನುವುದು ಮೂಲ ನಿಯಮ. ದಿನದ ಮಟ್ಟಿಗೆ ಮಾರಲು ಜಾಗ ಹಿಡಿಯುವ ಕುಶಲಕರ್ಮಿಗಳ ಹೆಸರನ್ನು ಬೆಳಿಗ್ಗೆ ಹಾಜರಿ ಕರೆದಂತೆ ಕರೆದು, ಹಿರಿತನದ ಪ್ರಕಾರ ಜಾಗ ಹಂಚುತ್ತಾರೆ. ಕಡಿಮೆ ಆದಾಯದವರ ಮನೆಗಳೂ ಮಾರುಕಟ್ಟೆಯ ಒಳಗೇ ಇವೆ. ಅಂಗಡಿ ಮುಚ್ಚಿದ ಮೇಲೂ ಇಲ್ಲಿ ಜನ ವಾಸ ಇರುತ್ತಾರೆ. ಬೇರೆ ಪೇಟೆಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನಗೆ ಅನಿಸುತ್ತದೆ.

ಹಾಗಂತ ಇಲ್ಲಿ ಕಷ್ಟ ಇಲ್ಲ ಅಂತಲ್ಲ. ಜುಲೈ, ಆಗಸ್ಟ್‌ನ ಮಧ್ಯಾಹ್ನ ನಡೆಯುವುದೇ ಕಷ್ಟ. ಮಾರುಕಟ್ಟೆ ಇಳಿಜಾರಿನ ಮೇಲಿದೆ. ಬೀದಿ ಮಟ್ಟದಿಂದ ಕೆಳಕ್ಕೆ ಮಹಡಿ ಮೇಲೆ ಮಹಡಿ. ಮಂಡಿ ನೋವಿರುವವರನ್ನು ಕರೆದುಕೊಂಡು ಹೋದರೆ ಮೊದಲು ಲಿಫ್ಟ್ ಎಲ್ಲಿದೆ ಅಂತ ಕೇಳಿಕೊಳ್ಳಿ. ಬೀದಿಯಲ್ಲಿ ಕಲ್ಲು ಹಾಸಿದೆ, ಗಾಲಿಕುರ್ಚಿ ತಳ್ಳುವವರಿಗೆ ಕೈ ನೋಯುತ್ತದೆ. ಹೆಸರಾದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯ ಮುಂದೆ ಗಂಟೆಗಟ್ಟಲೆ ಸಾಲು ಇರುತ್ತದೆ. ಅದು 1976ರಲ್ಲಿ ಬೇರೆ ಕಡೆಯಿಂದ ಈ ಜಾಗಕ್ಕೆ ಬಂದ ಅಂಗಡಿ. ಆ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಕೆಳಗಿನ ಮಹಡಿಗಳನ್ನು ಪೂರ್ತಿ ನೋಡಿ ಬರಬಹುದು. ಹಳೆ ಪುಸ್ತಕ, ಹಳೆ ಪೋಸ್ಟರ್, ಮಣಿ, ಗೊಂಬೆ ಮಾರುವ ಸಣ್ಣ ಸಣ್ಣ ಅಂಗಡಿಗಳಿರುವುದು ಅಲ್ಲಿ. ಮೇಲಿನ ಗದ್ದಲದಲ್ಲಿ ಸುಸ್ತಾದವರು ಅಷ್ಟು ಕೆಳಗೆ ಇಳಿಯುವುದೇ ಇಲ್ಲ.

ವಾರದ ನಡುವಿನ ದಿನ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೋಗಿ. ಹೂವಿನವರು ಗೊಂಚಲು ಕಟ್ಟುತ್ತಿರುತ್ತಾರೆ, ಮೀನಿನವರು ಐಸ್ ಮೇಲೆ ಮೀನು ಜೋಡಿಸುತ್ತಿರುತ್ತಾರೆ, ಮಾತಾಡಲು ಅವರಿಗೆ ಪುರುಸೊತ್ತು ಇರುತ್ತದೆ. ಆಮೇಲೆ ಓವರ್‌ಲುಕ್ ವಾಕ್ ಹಿಡಿದು ನೇರ ಸಮುದ್ರದ ದಂಡೆಗೆ ಇಳಿಯಿರಿ. 2024ರ ಅಕ್ಟೋಬರ್‌ನಲ್ಲಿ ತೆರೆದ ಈ ದಾರಿ ಬಂದ ಮೇಲೆ ಮಾರುಕಟ್ಟೆಗೂ ನೀರಿಗೂ ನಡುವೆ ಇದ್ದ ಅಡ್ಡಿ ಹೋಗಿದೆ.

ನೂರು ಮಾಲೀಕರ ಬೀದಿಗಳು

ಮೂರನೆಯ ಬಗೆಯಲ್ಲಿ ಇಡೀ ಬೀದಿಗೆ ಒಬ್ಬ ಯಜಮಾನ ಇಲ್ಲ. ಕಟ್ಟಡಗಳು ಬೇರೆ ಬೇರೆಯವರ ಕೈಯಲ್ಲಿ ಇರುತ್ತವೆ. ನಗರಸಭೆ ನಿಯಮ ಮಾಡಿ ಕೆಡವುವುದನ್ನು ತಡೆದಿರುತ್ತದೆ, ಅಷ್ಟೇ. ಆದ್ದರಿಂದ ಒಂದು ಅಂಗಡಿ ಅದ್ಭುತವಾಗಿರುತ್ತದೆ, ಪಕ್ಕದ್ದು ಖಾಲಿ ಬಿದ್ದಿರುತ್ತದೆ. ಏರುಪೇರು ಇಷ್ಟವಾಗುವವರಿಗೆ ಈ ಬೀದಿಗಳು ಹಿಡಿಸುತ್ತವೆ.

ಸಿಯಾಟಲ್‌ನಲ್ಲೇ ಇರುವ ಪಯೊನೀರ್ ಸ್ಕ್ವೇರ್ ನೋಡಿ, ಪೈಕ್ ಪ್ಲೇಸ್‌ನಿಂದ ಇಪ್ಪತ್ತು ನಿಮಿಷದ ನಡಿಗೆ. 1889ರ ಜೂನ್ 6ರಂದು ಒಂದು ಮರಗೆಲಸದ ಅಂಗಡಿಯಲ್ಲಿ ಅಂಟಿನ ಪಾತ್ರೆ ಉಕ್ಕಿ ಹತ್ತಿದ ಬೆಂಕಿಗೆ ಮರದ ಊರು ಸುಟ್ಟುಹೋಯಿತು. ಇನ್ನು ಮುಂದೆ ಇಟ್ಟಿಗೆ, ಕಲ್ಲಿನಲ್ಲೇ ಕಟ್ಟಬೇಕು ಅಂತ ನಿಯಮ ಬಂತು. ಜೊತೆಗೆ, ಸಮುದ್ರದ ನೀರು ನುಗ್ಗುತ್ತಿದ್ದ ಬೀದಿಗಳ ಮಟ್ಟವನ್ನೇ ನಗರ ಎತ್ತರಿಸಲು ಹೊರಟಿತು. ವ್ಯಾಪಾರಿಗಳು ಕಾಯಲಿಲ್ಲ, ಹಳೆ ಮಟ್ಟದಲ್ಲೇ ಕಟ್ಟಿದರು. ಕೊನೆಗೆ ರಸ್ತೆ ಮೇಲೆ, ಅಂಗಡಿ ಬಾಗಿಲು ಕೆಳಗೆ. ಜನ ಏಣಿ ಹತ್ತಿ ಇಳಿದು ಓಡಾಡಿದರು. ಆಮೇಲೆ ಮೇಲಿನ ಮಟ್ಟದಲ್ಲಿ ಫುಟ್‌ಪಾತ್ ಹಾಕಿದ ಮೇಲೆ ಮೊದಲ ಮಹಡಿ ನೆಲಮಾಳಿಗೆಯಾಯಿತು. ಆ ನೆಲದಡಿಯ ಬೀದಿಗಳಲ್ಲಿ 1965ರಿಂದ ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದಾರೆ. ಮೆಟ್ಟಿಲು ಇವೆ, ನೆಲ ಏರುತಗ್ಗು, ಗಟ್ಟಿ ಶೂ ಬೇಕು.

ನೆಲದಡಿಗೆ ಹೋಗದಿದ್ದರೂ ಪರವಾಗಿಲ್ಲ. ಫುಟ್‌ಪಾತಿನಲ್ಲಿ ನೇರಳೆ ಬಣ್ಣದ ಚೌಕಾಕಾರದ ಗಾಜಿನ ತುಂಡುಗಳು ಕಾಣುತ್ತವೆ. ಕೆಳಗಿನ ಮಾಳಿಗೆಗೆ ಬೆಳಕು ಬಿಡಲು ಹಾಕಿದವು. ಹಾಕಿದಾಗ ಅವು ಬಣ್ಣ ಇಲ್ಲದ ಗಾಜು. ಗಾಜಿನಲ್ಲಿದ್ದ ಮ್ಯಾಂಗನೀಸ್ ಬಿಸಿಲು ಕುಡಿದು ಕುಡಿದು ನೇರಳೆಯಾಗಿದೆ. ನಿಮ್ಮ ಕಾಲಡಿಯಲ್ಲಿ ಇನ್ನೊಂದು ಬೀದಿ ಇದೆ ಅಂತ ಅಷ್ಟರಲ್ಲೇ ತಿಳಿಯುತ್ತದೆ.

ಇಲ್ಲಿಯೂ ಒಂದು ನಷ್ಟದಿಂದಲೇ ಜನ ಎಚ್ಚೆತ್ತರು. 1961ರಲ್ಲಿ ಸಿಯಾಟಲ್ ಹೋಟೆಲ್ ಅನ್ನುವ ಸುಂದರ ಕಟ್ಟಡ ಕೆಡವಿ ಪಾರ್ಕಿಂಗ್ ಕಟ್ಟಡ ಎಬ್ಬಿಸಿದರು. ಅದರ ಆಕಾರ ನೋಡಿ ಊರವರು ಇವತ್ತಿಗೂ ‘ಮುಳುಗುವ ಹಡಗು’ ಅನ್ನುತ್ತಾರೆ. ಮುಂದಿನ ಕಟ್ಟಡಗಳಿಗೆ ಆ ಗತಿ ಬರಬಾರದು ಅಂತ ನಡೆದ ಹೋರಾಟದಿಂದ 1970ರಲ್ಲಿ ಈ ಪ್ರದೇಶಕ್ಕೆ ರಕ್ಷಣೆ ಸಿಕ್ಕಿತು. ಇಲ್ಲಿ ಕಲಾ ಗ್ಯಾಲರಿಗಳು, ಪುಸ್ತಕ, ಕುಶಲವಸ್ತು ಜಾಸ್ತಿ. ತಿಂಗಳ ಮೊದಲ ಗುರುವಾರ ಸಂಜೆ ಗ್ಯಾಲರಿಗಳೆಲ್ಲ ತೆರೆದಿರುತ್ತವೆ, ಅದೇ ಒಳ್ಳೆಯ ಹೊತ್ತು. ಪಕ್ಕದ ಸ್ಟೇಡಿಯಂಗಳಲ್ಲಿ ಪಂದ್ಯ ಇರುವ ದಿನ ಮಾತ್ರ ಬೇಡ. ಕೆಲವು ಮೂಲೆಗಳು ಕತ್ತಲಾದ ಮೇಲೆ ನಿರ್ಜನ ಅನಿಸುತ್ತವೆ, ಆದ್ದರಿಂದ ಮಕ್ಕಳ ಜೊತೆ ಹಗಲಲ್ಲೇ ಹೋಗಿ.

ಇದೇ ಬಗೆಯಲ್ಲಿ ಲಾಸ್ ಏಂಜಲೀಸ್ ಹತ್ತಿರದ ಓಲ್ಡ್ ಪ್ಯಾಸಡೀನಾ ಪೂರ್ತಿ ಬೇರೆ ರುಚಿ. ಕೊಲರಾಡೊ ಬುಲೆವಾರ್ಡ್ ಇಲ್ಲಿನ ಮುಖ್ಯ ರಸ್ತೆ. 1929ರಲ್ಲಿ ರಸ್ತೆ ಅಗಲ ಮಾಡಲು ಕಟ್ಟಡಗಳ ಮುಂಭಾಗವನ್ನು ಸುಮಾರು 14 ಅಡಿ ಕತ್ತರಿಸಿ ಹೊಸ ಮುಖ ಕಟ್ಟಿದರು. ಹಾಗಾಗಿ ಮುಂದಿನ ಮುಖ ಆ ಕಾಲದ್ದು, ಹಿಂದಿನ ಗಲ್ಲಿಗೆ ಹೋದರೆ ಇನ್ನೂ ಹಳೆಯ ಇಟ್ಟಿಗೆ. ಇಲ್ಲಿ ಗಲ್ಲಿಗಳನ್ನು ಬಿಟ್ಟರೆ ಅರ್ಧ ಊರನ್ನೇ ಬಿಟ್ಟಂತೆ.

ಈ ಪೇಟೆ ಎದ್ದ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಪಾರ್ಕಿಂಗ್ ಮೀಟರ್, ಅಂದರೆ ಬೀದಿಯಲ್ಲಿ ಕಾರು ನಿಲ್ಲಿಸಲು ದುಡ್ಡು ಹಾಕುವ ಯಂತ್ರ. 1993ರವರೆಗೆ ಇಲ್ಲಿ ಮೀಟರ್ ಇರಲಿಲ್ಲ. ಅಂಗಡಿಯವರು, ಕೆಲಸದವರೇ ಬೆಳಿಗ್ಗೆ ಬಂದು ಕಾರು ನಿಲ್ಲಿಸಿಬಿಡುತ್ತಿದ್ದರು, ಗಿರಾಕಿಗೆ ಜಾಗ ಇಲ್ಲ. ಮೀಟರ್ ಹಾಕುತ್ತೇವೆ ಅಂದರೆ ಅದೇ ಅಂಗಡಿಯವರ ವಿರೋಧ. ಕೊನೆಗೆ ಮೀಟರ್ ದುಡ್ಡನ್ನು ಇದೇ ಬೀದಿಗೆ ಖರ್ಚು ಮಾಡುತ್ತೇವೆ ಅಂತ ನಗರ ಮಾತು ಕೊಟ್ಟಿತು. 1993ರಲ್ಲಿ ಮೀಟರ್ ಬಂತು. ಆ ದುಡ್ಡಿನಿಂದ ಫುಟ್‌ಪಾತ್, ಮರ, ದೀಪ, ಗಲ್ಲಿಗಳ ರಿಪೇರಿ ನಡೆಯಿತು. ನಗರ ಯೋಜನೆ ಕಲಿಯುವವರು ಇವತ್ತಿಗೂ ಈ ಉದಾಹರಣೆ ಓದುತ್ತಾರೆ. ನೀವು ಮೀಟರಿಗೆ ಹಾಕುವ ನಾಣ್ಯ ನೀವು ನಡೆಯುವ ಕಲ್ಲಾಗುತ್ತದೆ ಅಂದರೆ ಕೊಡಲು ಬೇಜಾರಿಲ್ಲ, ಅಲ್ವಾ?

ಬಟ್ಟೆ, ಶೂ, ಮನೆ ಸಾಮಾನು ಕೊಳ್ಳಲೇಬೇಕು ಅನ್ನುವವರಿಗೆ ಪಯೊನೀರ್ ಸ್ಕ್ವೇರ್‌ಗಿಂತ ಪ್ಯಾಸಡೀನಾ ಒಳ್ಳೆಯದು. ಹೆಸರಾದ ಸರಣಿ ಅಂಗಡಿಗಳು ಇಲ್ಲಿ ಬೇಕಾದಷ್ಟು. ಏಳಿಗೆಯಾದ ಮೇಲೆ ಬಾಡಿಗೆ ಏರಿ, ಮೊದಲು ಧೈರ್ಯ ಮಾಡಿ ಬಂದ ಸಣ್ಣ ಅಂಗಡಿಗಳಿಗೆ ಉಳಿಯುವುದು ಕಷ್ಟವಾಗುವುದು ಇಂಥ ಎಲ್ಲ ಬೀದಿಗಳ ಸಂಕಟ. ಡೆನ್ವರ್‌ನ ಲಾರಿಮರ್ ಸ್ಕ್ವೇರ್ ಕೂಡ ನೋಡುವಂಥದ್ದು. ಸುತ್ತಲಿನ ಬ್ಲಾಕ್‌ಗಳೆಲ್ಲ (ಎರಡು ಅಡ್ಡರಸ್ತೆಗಳ ನಡುವಿನ ತುಂಡುಗಳು) ನೆಲಸಮ ಆಗುತ್ತಿದ್ದ 1960ರ ದಶಕದಲ್ಲಿ ಡೇನಾ ಕ್ರಾಫರ್ಡ್ ಅನ್ನುವ ಮಹಿಳೆ ಹಟ ಹಿಡಿದು ಉಳಿಸಿದ ಜಾಗ. ಆದರೆ ಅದು ಒಂದೇ ಒಂದು ಬ್ಲಾಕ್. ಅದಕ್ಕೆಂದೇ ಒಂದು ದಿನ ಇಡಬೇಡಿ. ಊಟಕ್ಕೆ ಹೋದಾಗ ನೋಡಿದರೆ ಸಾಕು.

ಸಣ್ಣ ಊರಿನ ಮೇನ್ ಸ್ಟ್ರೀಟ್

ಮೇಲಿನ ಮೂರೂ ದೊಡ್ಡ ನಗರದ ಕಥೆ. ನಾಲ್ಕನೆಯದು ಸದ್ದಿಲ್ಲದ್ದು. 1977ರಲ್ಲಿ ಹಳೆ ಕಟ್ಟಡಗಳನ್ನು ಉಳಿಸುವ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಸಂಸ್ಥೆ ಮೂರು ಸಣ್ಣ ಊರುಗಳನ್ನು ಆರಿಸಿಕೊಂಡು ಒಂದು ಪ್ರಯೋಗ ಮಾಡಿತು: ಇಲಿನಾಯ್‌ನ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ಸೌತ್ ಡಕೋಟಾದ ಹಾಟ್ ಸ್ಪ್ರಿಂಗ್ಸ್. ಹೊರಗಿನ ದೊಡ್ಡ ಬಂಡವಾಳ ತರಲಿಲ್ಲ. ಊರಿಗೊಬ್ಬ ಮ್ಯಾನೇಜರ್, ಅಂಗಡಿಯವರ ಒಗ್ಗಟ್ಟು, ಒಂದೊಂದೇ ಕಟ್ಟಡದ ಮುಖ ಸರಿಮಾಡುವುದು, ಊರ ಹಬ್ಬ, ಜಾಹೀರಾತು. ಇದು ಫಲ ಕೊಟ್ಟು 1980ರಲ್ಲಿ ದೇಶದ ಮಟ್ಟದ ಮೇನ್ ಸ್ಟ್ರೀಟ್ ಕಾರ್ಯಕ್ರಮ ಆಯಿತು. ಇವತ್ತು ಯಾವುದಾದರೂ ಸಣ್ಣ ಊರಿನ ಪೇಟೆ ಅಚ್ಚುಕಟ್ಟಾಗಿ ಕಂಡರೆ ಅದರ ಹಿಂದೆ ಈ ಕಾರ್ಯಕ್ರಮ ಇರುವ ಸಾಧ್ಯತೆ ಜಾಸ್ತಿ.

ಮೂರರಲ್ಲಿ ಮ್ಯಾಡಿಸನ್‌ಗೆ ಹೋಗಿ ಅಂತ ನಾನು ಹೇಳುತ್ತೇನೆ. ಓಹಾಯೊ ನದಿಯ ದಂಡೆಯ ಊರು. ಹಬೆ ದೋಣಿಗಳ ಕಾಲದಲ್ಲಿ ಶ್ರೀಮಂತವಾಗಿತ್ತು. ರೈಲಿನ ಕಾಲ ಬಂದ ಮೇಲೆ ಬೇರೆ ಊರುಗಳು ಮುಂದೆ ಹೋದವು, ಇದು ಇದ್ದ ಹಾಗೇ ಉಳಿಯಿತು. ಕೆಡವಿ ಹೊಸದು ಕಟ್ಟಲು ದುಡ್ಡಿಲ್ಲದ್ದೇ ಕಟ್ಟಡಗಳನ್ನು ಕಾಪಾಡಿತು. 133 ಬ್ಲಾಕ್‌ಗಳ ಹಳೆ ಊರಿಗೆ 2006ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣದ ಮಾನ್ಯತೆ ಸಿಕ್ಕಿತು. 2009ರಲ್ಲಿ ಹಳೆ ಕೋರ್ಟ್ ಕಟ್ಟಡಕ್ಕೆ ರಿಪೇರಿ ನಡೆಯುವಾಗಲೇ ಬೆಂಕಿ ಬಿತ್ತು. ಊರು ಅದನ್ನು ಕೈಬಿಡಲಿಲ್ಲ, ಮತ್ತೆ ಕಟ್ಟಿ ನಿಲ್ಲಿಸಿತು.

ಸಣ್ಣ ಊರಲ್ಲಿ ಅಂಗಡಿ ಕಡಿಮೆ, ನೋಡುವುದು ಜಾಸ್ತಿ. ಹೇಗೆ ನೋಡಬೇಕು ಅಂತ ಸ್ವಲ್ಪ ಗೊತ್ತಿದ್ದರೆ ಒಂದೇ ಬೀದಿಯಲ್ಲಿ ಅರ್ಧ ದಿನ ಕಳೆಯಬಹುದು. ಮೊದಲು ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಿ. ಅಂಗಡಿ ಮುಂದೆಯೇ ನಿಂತರೆ ಗಾಜು ಮಾತ್ರ ಕಾಣುತ್ತದೆ, ಆಚೆಯಿಂದ ಇಡೀ ಕಟ್ಟಡ ಕಾಣುತ್ತದೆ. ತುದಿಯ ಚಾವಣಿ ಪಟ್ಟಿಯಲ್ಲಿ ಕಟ್ಟಿದ ವರ್ಷ, ಕಟ್ಟಿಸಿದವರ ಹೆಸರು ಇರುತ್ತದೆ. ಅಂಗಡಿಯ ದೊಡ್ಡ ಗಾಜಿನ ಮೇಲೆ ಸಣ್ಣ ಗಾಜುಗಳ ಒಂದು ಸಾಲು ಇದ್ದರೆ, ಅದು ಕರೆಂಟ್ ಬರುವ ಮೊದಲು ಅಂಗಡಿಯ ಹಿಂಬದಿವರೆಗೆ ಬೆಳಕು ಕಳಿಸಲು ಮಾಡಿದ್ದು. ಬಾಗಿಲು ಒಳಕ್ಕೆ ಸರಿದಿರುವುದು ಎರಡೂ ಬದಿಯಲ್ಲಿ ಸಾಮಾನು ತೋರಿಸಲು, ಮಳೆಯಲ್ಲಿ ಗಿರಾಕಿ ನಿಲ್ಲಲು. ಆಮೇಲೆ ರಸ್ತೆ ದಾಟಿ ಬಂದು ಕಬ್ಬಿಣದ ಕಂಬದ ಬುಡ ನೋಡಿ. ಮಾಡಿದವರ ಹೆಸರು ಅಲ್ಲಿ ಎರಕದಲ್ಲೇ ಇರುತ್ತದೆ. ಸೇಂಟ್ ಲೂಯಿಸ್ ಮತ್ತು ಇವಾನ್ಸ್‌ವಿಲ್‌ನ ಮೆಸ್ಕರ್ ಮನೆತನದ ಕಾರ್ಖಾನೆಗಳು ಅಂಗಡಿಯ ಇಡೀ ಮುಂಭಾಗವನ್ನೇ ಕ್ಯಾಟಲಾಗ್ ನೋಡಿ ಆರ್ಡರ್ ಮಾಡಿದವರಿಗೆ ರೈಲಿನಲ್ಲಿ ಕಳಿಸುತ್ತಿದ್ದವು. ಕಲ್ಲಿನ ಕೆತ್ತನೆ ಅಂತ ಅಂದುಕೊಂಡದ್ದು ತಗಡಿನ ಅಚ್ಚು ಆಗಿರಬಹುದು. ಕೈಯಿಂದ ಮೆಲ್ಲಗೆ ತಟ್ಟಿದರೆ ಸದ್ದು ಹೇಳುತ್ತದೆ.

ಸಣ್ಣ ಊರಿನ ತೊಂದರೆ ಸಮಯ. ನಾನೊಮ್ಮೆ ಇಂಥ ಒಂದು ಊರಿಗೆ ಸೋಮವಾರ ಹೋಗಿ, ಬೀದಿಯುದ್ದಕ್ಕೂ ಮುಚ್ಚಿದ ಬಾಗಿಲುಗಳನ್ನೇ ನೋಡಿ ಬೇಸರಪಟ್ಟಿದ್ದೆ. ಎಷ್ಟೋ ಅಂಗಡಿಗಳನ್ನು ಒಬ್ಬರೇ ನಡೆಸುತ್ತಾರೆ. ಅವರಿಗೂ ರಜೆ ಬೇಕು. ಭಾನುವಾರ, ಸೋಮವಾರ ಮುಚ್ಚುವುದು, ಸಂಜೆ ಐದಕ್ಕೆ ಬಾಗಿಲು ಹಾಕುವುದು ಮಾಮೂಲು. ಶನಿವಾರ ಬೆಳಿಗ್ಗೆ ಹೋದರೆ ಎಲ್ಲ ತೆರೆದಿರುತ್ತದೆ, ಕೆಲವು ಕಡೆ ರೈತರ ಸಂತೆಯೂ ಇರುತ್ತದೆ.

ನಿಮ್ಮ ಜೊತೆ ಯಾರಿದ್ದಾರೆ?

ವಯಸ್ಸಾದ ಅಪ್ಪ ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದರೆ ಬೋಸ್ಟನ್ ಥರದ್ದು ಸರಿ. ಎರಡು ಗಂಟೆ ಸಾಕು, ಯಾರಿಗೂ ಆಯಾಸ ಆಗುವುದಿಲ್ಲ. ಸಮತಟ್ಟಾದ ನೆಲ, ಅಂಗಡಿ ಮತ್ತು ಊಟ ಮೂರೂ ಬೇಕಾದರೆ ಓಲ್ಡ್ ಪ್ಯಾಸಡೀನಾ. ಜನರ ಜೊತೆ ಮಾತಾಡುವ ಆಸೆ ಇದ್ದರೆ ಪೈಕ್ ಪ್ಲೇಸ್. ಕಟ್ಟಡ ನೋಡುವ ಹುಚ್ಚು ಇದ್ದರೆ ಮ್ಯಾಡಿಸನ್ ಅಥವಾ ಸವಾನಾ. ಸವಾನಾದಲ್ಲಿ ಬ್ರೌಟನ್ ಸ್ಟ್ರೀಟ್ ಪೇಟೆಯ ಜೊತೆ 1733ರಲ್ಲಿ ಹಾಕಿದ ನಕ್ಷೆಯ ಚೌಕಗಳೂ ಸಿಗುತ್ತವೆ. ಆ 24 ಚೌಕಗಳಲ್ಲಿ 22 ಉಳಿದಿವೆ. ಬಿಸಿಲು ಜಾಸ್ತಿ ಆದಾಗ ಮರದಡಿ ಕೂತು ಮತ್ತೆ ಹೊರಡಬಹುದು.

ಕಾರು ಓಡಿಸದವರು ಬೋಸ್ಟನ್, ಸಿಯಾಟಲ್, ಪ್ಯಾಸಡೀನಾ ಮೂರನ್ನೂ ಮೆಟ್ರೊ ಅಥವಾ ಲೈಟ್ ರೈಲಿನಲ್ಲೇ ಮುಟ್ಟಬಹುದು. ಪ್ಯಾಸಡೀನಾಗೆ ಮೆಮೋರಿಯಲ್ ಪಾರ್ಕ್ ನಿಲ್ದಾಣ, ಪೈಕ್ ಪ್ಲೇಸ್‌ಗೆ ವೆಸ್ಟ್‌ಲೇಕ್. ಪಯೊನೀರ್ ಸ್ಕ್ವೇರ್‌ಗೆ ಅದೇ ಹೆಸರಿನ ನಿಲ್ದಾಣ ಇದೆ. ಸಣ್ಣ ಊರು ನೋಡಬೇಕು, ಕಾರು ಇಲ್ಲ ಅಂದರೆ ಮ್ಯಾಡಿಸನ್ ಬಿಟ್ಟು ಗೇಲ್ಸ್‌ಬರ್ಗ್ ಆರಿಸಿ. ಷಿಕಾಗೊದಿಂದ ಆಮ್‌ಟ್ರಾಕ್ ರೈಲು ಮೂರು ಗಂಟೆಯೊಳಗೆ ಮುಟ್ಟಿಸುತ್ತದೆ, ಹಳೆ ಪೇಟೆಗೆ ನಿಲ್ದಾಣದಿಂದ ನಡೆದೇ ಹೋಗಬಹುದು. ಮ್ಯಾಡಿಸನ್‌ಗೆ ಲೂಯಿವಿಲ್‌ನಿಂದ ಒಂದು ಗಂಟೆಯ ಆಸುಪಾಸು ಕಾರಿನ ದಾರಿ, ಬೇರೆ ಅನುಕೂಲ ಇಲ್ಲ.

ಕಾರಿನಲ್ಲಿ ಹೋಗುವವರು ಯಾವ ಊರಿಗೇ ಹೋದರೂ ಮುಖ್ಯ ಬೀದಿಯಲ್ಲೇ ಜಾಗ ಹುಡುಕುತ್ತಾ ಸುತ್ತಬೇಡಿ. ಎರಡು ಬೀದಿ ಹಿಂದೆ ಪಾರ್ಕಿಂಗ್ ಕಟ್ಟಡದಲ್ಲಿ ನಿಲ್ಲಿಸಿ ನಡೆದು ಬನ್ನಿ. ಹಿಂದಿನ ಗೋಡೆಗಳಲ್ಲಿ ಮಾಸಿದ ಹಳೆ ಜಾಹೀರಾತಿನ ಅಕ್ಷರಗಳು ಇನ್ನೂ ಕಾಣುತ್ತಿರುತ್ತವೆ. ಮುಂದಿನ ಗೋಡೆಗೆ ಬಣ್ಣ ಹೊಡೆದವರು ಹಿಂದಿನದಕ್ಕೆ ಕೈ ಹಾಕಿರುವುದಿಲ್ಲ. ಆ ದಾರಿಯಲ್ಲಿ ಬಂದರೆ ಪೇಟೆಯ ಹಳೆ ಮುಖ ಮೊದಲು ಸಿಗುತ್ತದೆ, ಹೊಸ ಮುಖ ಆಮೇಲೆ.